ಹುಲಿಗೆವ್ವನ ಐದು ಫೋಟೊ

ಕಳೆದ ತಿಂಗಳು ರಕ್ತ ಪರೀಕ್ಷೆಗೆಂದು ಹೊಸಪೇಟೆಯ ಒಂದು ಕಟ್ಟಡದ ಎರಡನೇ ಮಹಡಿ ಹತ್ತಬೇಕಾಯಿತು. ಲ್ಯಾಬು ಹೊಸದು, ಕೋಣೆ ನನಗೆ ಹಳೆಯದು. ಗಾಜಿನ ಬಾಗಿಲು ತಳ್ಳಿದ ಕೂಡಲೇ ಎಸಿಯ ತಣ್ಣಗಾಳಿಯ ಜೊತೆ ನಿಂಬೆಹಣ್ಣಿನ ವಾಸನೆ ಬಂತು. ನಿಜವಾದ ನಿಂಬೆಯದಲ್ಲ. ಗೋಡೆಗೆ ತಗುಲಿಸಿದ ಡಬ್ಬಿ ಆಗಾಗ ಉಗುಳುವ ನಿಂಬೆ. ಬಾಗಿಲಲ್ಲೇ ನಿಂತುಬಿಟ್ಟೆ. ರಕ್ತ ತೆಗೆಯುವ ಹುಡುಗಿ, "ಸೂಜಿ ಕಂಡ್ರ ಹೆದರ್ತೀರೇನ್ರಿ ಅಂಕಲ್?" ಎಂದಳು. ಹೌದಮ್ಮಾ ಎಂದೆ. ಸೂಜಿಗೆ ನಾನು ಹೆದರುವವನಲ್ಲ. ಅದೇ ಕೋಣೆಯಲ್ಲಿ, ಅದೇ ವಾಸನೆಯಲ್ಲಿ ಒಂದು ಮಳೆಗಾಲ ಪೂರ್ತಿ ಕೂತು ಮಾಡಿದ ಕೆಲಸ ನೆನಪಾಗಿತ್ತು.

ನಾನು ಇಪ್ಪತ್ತೆರಡು ವರ್ಷ ಪತ್ರಿಕೆಯಲ್ಲಿದ್ದವನು. ಮೊದಲು ಸಂಡೂರಿನ ಗಣಿ ಸುದ್ದಿ, ಆಮೇಲೆ ಹೊಸಪೇಟೆಯ ಡೆಸ್ಕು. ಆ ವರ್ಷದ ಬೇಸಿಗೆಯಲ್ಲಿ ನಮ್ಮ ಆವೃತ್ತಿ ಮುಚ್ಚಿತು. ಜೂನ್‌ನಲ್ಲಿ ಪರಿಚಯದವರೊಬ್ಬರು ಕರೆದು, ಕಂಪ್ಯೂಟರಿನಲ್ಲಿ ಫೋಟೊ ನೋಡುವ ಕೆಲಸವೊಂದಿದೆ, ಜವಾಬ್ದಾರಿ ಇರುವ ಹಿರಿಯರೊಬ್ಬರು ಬೇಕಂತೆ ಎಂದರು. ಹೋದೆ.

ಕೆಲಸ ಹೀಗಿತ್ತು. ಹೊರಗಿನ ಒಂದು ಕಂಪನಿ ಒಂದು ಯಂತ್ರ ತಯಾರಿಸುತ್ತಿತ್ತು. ಮನುಷ್ಯರ ಫೋಟೊ ನೋಡಿ ಅವರು ಗಂಡೋ ಹೆಣ್ಣೋ ಎಂದು ಅದು ಹೇಳಬೇಕು. ಅಂಗಡಿಗಳ ಬಾಗಿಲಿಗೆ, ಕಾರ್ಖಾನೆಗಳ ಗೇಟಿಗೆ, ಜಾಹೀರಾತಿನ ಪರದೆಗೆ ಅದನ್ನು ಮಾರುವ ಉದ್ದೇಶ. ಯಂತ್ರಕ್ಕೆ ತಾನಾಗಿ ಏನೂ ಗೊತ್ತಿರುವುದಿಲ್ಲ. ರಾಶಿ ರಾಶಿ ಫೋಟೊ ತೋರಿಸಿ, ಇದು ಗಂಡು, ಇದು ಹೆಣ್ಣು ಎಂದು ಮನುಷ್ಯರೇ ಕಲಿಸಬೇಕು. ಹಾಗೆ ಕಲಿಸುವ ಹನ್ನೆರಡು ಜನ ನಮ್ಮ ಕೋಣೆಯಲ್ಲಿದ್ದರು. ಪರದೆಯ ಮೇಲೆ ಒಂದು ಮುಖ, ಕೆಳಗೆ ಎರಡು ಬಟನ್. ನೋಡು, ಒತ್ತು. ಇನ್ನೊಂದು ಮುಖ.

ಒಂದೊಂದು ಫೋಟೊ ಮೂವರಿಗೆ ಹೋಗುತ್ತಿತ್ತು; ಒಬ್ಬರ ಫೋಟೊ ಎಷ್ಟಿದ್ದರೂ ಅದೇ ಮೂವರಿಗೆ. ಒಬ್ಬರು ನಮ್ಮ ಕೋಣೆಯವರು. ಉಳಿದಿಬ್ಬರು ಯಾವ ಊರಿನ ಯಾವ ಕೋಣೆಯಲ್ಲಿ ಕೂತವರೋ ನಮಗೆ ತಿಳಿಯದು. ಮೂವರೂ ಒಂದೇ ಬಟನ್ ಒತ್ತಿದರೆ ಹಸಿರು ಗುರುತು ಬಿದ್ದು ಅದು ಸತ್ಯವಾಗುತ್ತಿತ್ತು. ನಮ್ಮವರು ಒಂದು ಕಡೆ, ಉಳಿದಿಬ್ಬರು ಇನ್ನೊಂದು ಕಡೆಯಾದರೆ ಆ ಫೋಟೊ ನನ್ನ ಪರದೆಗೆ ಬರುತ್ತಿತ್ತು. ನಾನು ತೀರ್ಪು ಕೊಡಬೇಕು. ತಪ್ಪು ಎಂದು ನಾನು ಹೇಳಿದರೆ ನಮ್ಮವರ ಹೆಸರಿನ ಮುಂದೆ ಒಂದು ಕೆಂಪು ಗುರುತು. ದಸರೆಯವರೆಗೆ ಎಲ್ಲರೂ ಪರೀಕ್ಷೆಯ ಮೇಲಿದ್ದವರು. ಆರು ಕೆಂಪು ಬಿದ್ದರೆ ಮನೆಗೆ.

ಮ್ಯಾನೇಜರ್ ನಿತಿನ್‌ಗೆ ಮೂವತ್ತು ತುಂಬಿರಲಿಲ್ಲ. ಬೆಂಗಳೂರಿನವನು. ಯಾರಿಗೂ ದನಿ ಎತ್ತಿ ಮಾತಾಡಿದವನಲ್ಲ. ಮೊದಲ ದಿನ ಗೋಡೆಗೆ ಒಂದು ಹಾಳೆ ಅಂಟಿಸಿ, "ಯೋಚನೆ ಮಾಡಬೇಡಿ. ಮೇಲಿಂದ ಕೆಳಗೆ ಇಳೀರಿ. ಕೂದಲು, ಹಣೆ, ಕಿವಿ, ಮೂಗು, ಕತ್ತು, ಬಟ್ಟೆ. ಎರಡು ಸೆಕೆಂಡು ಸಾಕು" ಎಂದ. ಹಾಳೆಯಲ್ಲಿ ಅವೇ ಆರು ಪದಗಳಿದ್ದವು. ಸಂತೆಯಲ್ಲಿ ದನದ ಹಲ್ಲು ಎಣಿಸುವವರನ್ನು ನೋಡಿದ್ದೇನೆ. ಅವರು ಕನಿಷ್ಠ ದನದ ಬೆನ್ನು ತಟ್ಟಿ ಮಾತಾಡಿಸುತ್ತಾರೆ.

ಇದನ್ನೆಲ್ಲ ಈಗ ಬರೆಯುವುದು ಸುಲಭ. ಆಗ ನಾನು ಹಾಳೆಯ ಫೋಟೊ ತೆಗೆದುಕೊಂಡು ಮನೆಗೆ ಹೋಗಿ ಬಾಯಿಪಾಠ ಮಾಡಿದೆ.

ಹುಡುಗಿಯರೇ ಹೆಚ್ಚಿದ್ದರು. ಅವರಲ್ಲಿ ಇಬ್ಬರು ನನ್ನ ಪಕ್ಕದ ಸಾಲಿನವರು. ಸಲ್ಮಾ ಬಾಯಿ ಮುಚ್ಚಿ ಕೂತ ದಿನವಿಲ್ಲ. ರೇಣುಕಾ ಚಿತ್ತವಾಡ್ಗಿಯವಳು, ಬಿ.ಕಾಂ. ಮುಗಿಸಿದ್ದಳು, ಮಾತು ಕಡಿಮೆ. ಅಪ್ಪ ಇಲ್ಲ. ಅವ್ವ ಗದ್ದೆ ಕೂಲಿಗೆ ಹೋಗುತ್ತಾಳೆ. ಮಗಳಿಗೆ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಸಿಕ್ಕರೆ ಮುಡಿ ಕೊಡುತ್ತೇನೆಂದು ತಿಮ್ಮಪ್ಪನಿಗೆ ಹರಸಿಕೊಂಡಿದ್ದಳಂತೆ. ಕೆಲಸ ಸಿಕ್ಕ ವಾರವೇ ಊರಿನ ಹೆಂಗಸರ ಜೊತೆ ತಿರುಪತಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದಳು. ಇದನ್ನು ಹೇಳಿದವಳು ಸಲ್ಮಾ. "ನೋಡ್ರಿ ಸರ್, ಇವಳು ಕುಂತಿರೋ ಕುರ್ಚಿ ಅವ್ರವ್ವನ ಜಡಿಯಾಗ ಹೆಣದಿದ್ದು. ಅದಕ್ಕ ಎದ್ದು ನೀರು ಕುಡಿಯಾಕೂ ಹೋಗಂಗಿಲ್ಲ."

"ಸುಮ್ನಿರಲೇ" ಎಂದು ರೇಣುಕಾ ನಕ್ಕಳು.

ಜುಲೈನಲ್ಲಿ ಡ್ಯಾಮು ತುಂಬಿ ಕಾಲುವೆಗೆ ನೀರು ಬಿಟ್ಟರು. ಆಷಾಢದ ಗಾಳಿ ಕಿಟಕಿಯ ಗಾಜು ಬಡಿಯುತ್ತಿತ್ತು. ಸಂಡೂರು ರಸ್ತೆಯ ಲಾರಿಗಳು ಬಂದು ಹೋಗಿ ರಸ್ತೆಯ ತುಂಬ ಅದಿರಿನ ಕೆಂಪು ರಾಡಿ. ನಮ್ಮ ಮೆಟ್ಟಿಲ ಮೇಲೆಲ್ಲ ಕೆಂಪು ಹೆಜ್ಜೆ. ಒಳಗೆ ಮಾತ್ರ ನಿಂಬೆ.

ಅದೇ ತಿಂಗಳು ನಮ್ಮ ಸುತ್ತಲಿನ ಮುಖಗಳೇ ಪರದೆಗೆ ಬರತೊಡಗಿದವು. ಕಂಪನಿ ಒಬ್ಬ ಫೋಟೊಗ್ರಾಫರನನ್ನು ಊರೂರಿಗೆ ಕಳಿಸಿತ್ತು. ಹಂಪಿಯ ಬೀದಿ, ಕಂಪ್ಲಿಯ ಸಂತೆ, ನಾಟಿಯ ಗದ್ದೆ, ಸಂಡೂರಿನ ಬಸ್‌ಸ್ಟ್ಯಾಂಡು. ಒಬ್ಬೊಬ್ಬರದು ಐದು ಫೋಟೊ, ಬದಲಿಗೆ ಒಂದು ಸ್ಟೀಲ್ ಡಬ್ಬಿ. ಸಹಿ ಅಥವಾ ಹೆಬ್ಬೆಟ್ಟು. ಜನ ಸಾಲು ನಿಂತು ತೆಗೆಸಿಕೊಂಡಿದ್ದರು. ಎದುರಿಗೆ ಕ್ಯಾಮೆರಾ ಹಿಡಿದವನಿಗೆ ನಗುವುದು ನಮ್ಮ ಕಡೆಯ ಮರ್ಯಾದೆ. ಹೆಚ್ಚಿನವರು ನಗುತ್ತಿದ್ದರು.

ಒಂದು ವಾರ ಮರಿಯಮ್ಮನಹಳ್ಳಿ ಕಡೆಯ ಜೋಗತಿಯರ ಮುಖಗಳು ಬಂದವು. ಹಣೆ ತುಂಬ ಭಂಡಾರ, ಕೈ ತುಂಬ ಹಸಿರು ಬಳೆ. ಗಡ್ಡ ಕೆತ್ತಿದ ನೀಲಿ ನೆರಳು. ಊರಿನಲ್ಲಿ ಅವರು ಎದುರಾದರೆ ನಾವು ಅಮ್ಮಾ ಎಂದು ಕೈಮುಗಿಯುತ್ತೇವೆ. ಅಲ್ಲಿಗೆ ಮುಗಿಯಿತು, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಇಲ್ಲಿ ಕೇಳಲಾಗಿತ್ತು. ಕೋಣೆಯಲ್ಲಿ ಯಾರೂ ಒತ್ತಲಿಲ್ಲ.

"ಸರ್, ಮೂರನೇದೊಂದು ಬಟನ್ ಇಲ್ಲೇನ್ರಿ?" ಸಲ್ಮಾ ನಿತಿನ್‌ನನ್ನು ಕೇಳಿದಳು.

"ಕ್ಲೈಂಟ್ ಕೇಳಿರೋದು ಎರಡೇ."

"ಹಂಗಾರ ಅಮ್ಮಗ ಫೋನ್ ಹಚ್ಚಿ ಕೇಳೋಣೇನ್ರಿ, ಯಾವ್ದು ಒತ್ತಲಿ ಅಂತ?"

ನಿತಿನ್ ತಾಳ್ಮೆಯಿಂದ ನಕ್ಕ. "ಅವರನ್ನ ಕೇಳೋದಾದ್ರೆ ಯಂತ್ರ ಯಾಕಮ್ಮ ಬೇಕು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ವಾರ ಅವರ ಮುಖಗಳಿಗೆ ಬಿದ್ದ ತೀರ್ಪುಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇನ್ನೊಮ್ಮೆ ಒತ್ತಿದ ಹಾಗಾಗುತ್ತದೆ.

ಅದರ ಮುಂದಿನ ವಾರ ಒಂದು ಫೋಟೊ ನನ್ನ ಪರದೆಗೆ ಬಂತು. ತಲೆಗೆ ಟವೆಲ್ಲು ಸುತ್ತಿ ಗದ್ದಕ್ಕೆ ಬಿಗಿದ ಮುಖ. ಮಾಸಿದ ನೀಲಿ ಗೆರೆಯ ತುಂಬುತೋಳಿನ ಅಂಗಿ, ಕತ್ತಿನವರೆಗೆ ಗುಂಡಿ. ಬಿಸಿಲಿಗೆ ಕಪ್ಪಾದ ಕೆನ್ನೆ. ದೂರದ ಇಬ್ಬರು ಗಂಡು ಎಂದಿದ್ದರು, ರೇಣುಕಾ ಹೆಣ್ಣು ಎಂದಿದ್ದಳು. ಹಾಳೆಯ ಪ್ರಕಾರ ಇಳಿದೆ. ಕೂದಲು ಕಾಣದು. ಹಣೆ ಖಾಲಿ. ಕಿವಿ ಟವೆಲ್ಲಿನೊಳಗೆ. ಮೂಗಿನಲ್ಲಿ ಏನೂ ಇಲ್ಲ. ಬಟ್ಟೆ ಗಂಡಸಿನದು. ಡೆಸ್ಕಿನಲ್ಲಿ ನನಗೊಂದು ನಿಯಮವಿತ್ತು. ಒಬ್ಬರು ಹೇಳಿದರೆ ಗಾಳಿಮಾತು, ಪರಸ್ಪರ ಪರಿಚಯವಿಲ್ಲದ ಇಬ್ಬರು ಹೇಳಿದರೆ ಸುದ್ದಿ. ಇಲ್ಲಿ ಇಬ್ಬರು ಹೇಳಿದ್ದರು. ಗಂಡು ಎಂದು ಒತ್ತಿದೆ. ರೇಣುಕಾಳಿಗೆ ಕೆಂಪು ಬಿತ್ತು. ಮೊದಲೇ ಒಂದಿತ್ತು, ಇದು ಎರಡನೆಯದು.

ನಾನು ಹುಟ್ಟಿದ್ದು ಕಂಪ್ಲಿ ಕಡೆಯ ಹಳ್ಳಿಯಲ್ಲಿ. ನಾಟಿಗೆ ಇಳಿಯುವ ಹೆಂಗಸರು ಸೀರೆಯ ಮೇಲೆ ಮನೆಯ ಗಂಡಸರ ಹಳೆಯ ಅಂಗಿ ತೊಟ್ಟು, ಬಿಸಿಲಿಗೂ ಸೊಳ್ಳೆಗೂ ತಲೆಗೆ ಟವೆಲ್ಲು ಬಿಗಿಯುವುದನ್ನು ಹುಟ್ಟಿದಾಗಿನಿಂದ ನೋಡಿದವನು. ನನ್ನ ಅವ್ವನೂ ಹಾಗೇ ಗದ್ದೆಗೆ ಹೋಗುತ್ತಿದ್ದಳು. ದೂರದ ಕೋಣೆಯ ಆ ಇಬ್ಬರಿಗೆ ಇದು ಗೊತ್ತಿರಲಿಲ್ಲ ಅನ್ನಬಹುದು. ನನಗೆ ಗೊತ್ತಿತ್ತು. ಎರಡು ಸೆಕೆಂಡಿನಲ್ಲಿ ನೆನಪಾಗಲಿಲ್ಲ ಅಷ್ಟೇ.

ಎರಡು ದಿನ ಬಿಟ್ಟು ಅದೇ ಮುಖ, ಎರಡನೇ ಫೋಟೊ. ಈ ಸಲ ಟವೆಲ್ಲು ತೆಗೆಸಿದ್ದರು. ಬೋಳುತಲೆ. ರೇಣುಕಾ ಎದ್ದು ನನ್ನ ಮೇಜಿನ ಹತ್ತಿರ ಬಂದಳು. ನೀರು ಕುಡಿಯಲೂ ಏಳದವಳು.

"ಸರ್ರ, ನೀವು ಮೊನ್ನಿನೂ ನಂದು ತಪ್ಪು ಅಂದ್ರಿ."

"ಹೌದು."

"ಅದು ನಮ್ಮವ್ವರಿ."

ನಾನು ಪರದೆ ನೋಡಿದೆ. ಆಮೇಲೆ ಅವಳ ಮುಖ ನೋಡಿದೆ. ಹುಬ್ಬು ಒಂದೇ. ಆ ಹುಬ್ಬನ್ನು ದಿನಾ ಬೆಳಿಗ್ಗೆ ನೋಡುತ್ತಿದ್ದೆ. ಹೆಣ್ಣು ಎಂದು ಒತ್ತಿದೆ. ಕಾರಣ ಬರೆಯುವ ಜಾಗದಲ್ಲಿ, "ಇವರ ಹೆಸರು ಹುಲಿಗೆವ್ವ. ಮಗಳು ಗುರುತಿಸಿದ್ದಾಳೆ" ಎಂದು ಬರೆದೆ. ಹಿಂದಿನ ತೀರ್ಪು ತಿದ್ದಲು ಹೋದೆ. ಅದಕ್ಕೆ ಬೀಗ ಬಿದ್ದಿತ್ತು. ಪತ್ರಿಕೆಯಲ್ಲಾದರೆ ಮಾರನೆಯ ದಿನ ಮೂಲೆಯಲ್ಲಿ ನಾಲ್ಕು ಸಾಲು ತಿದ್ದುಪಡಿ ಹಾಕುತ್ತಿದ್ದೆವು. ಇಲ್ಲಿ ಅಂಥ ಮೂಲೆ ಇರಲಿಲ್ಲ.

ಮಧ್ಯಾಹ್ನ ನಿತಿನ್ ಕರೆದ. ನಾನು ಬರೆದ ಕಾರಣ ಅವನ ಪರದೆಯಲ್ಲಿತ್ತು.

"ಸರ್, ನೀವು ದೊಡ್ಡವರು. ಆದ್ರೆ ಇದು ಹಾಗೆ ಬರಲ್ಲ. ಫೋಟೊದಲ್ಲಿ ಏನಿದೆಯೋ ಅದನ್ನ ಮಾತ್ರ ನೋಡಬೇಕು. ಗೊತ್ತಿರೋದನ್ನ ತರಬಾರದು."

"ಆ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದವಳು ಹೊರಗೆ ಕೂತಿದ್ದಾಳೆ ನಿತಿನ್. ಇದಕ್ಕಿಂತ ಸಾಕ್ಷಿ ಏನು ಬೇಕು?"

"ಅದೇ ಸಮಸ್ಯೆ. ಅವರಿಗೆ ಗೊತ್ತು. ಗೊತ್ತಿರೋರು ಒತ್ತಿದ್ರೆ ಯಂತ್ರ ಕನ್‌ಫ್ಯೂಸ್ ಆಗತ್ತೆ. ಯಂತ್ರ ಗೇಟಲ್ಲಿ ನಿಂತಾಗ ಪಕ್ಕದಲ್ಲಿ ಮಗಳು ಇರ್ತಾಳಾ?"

"ತಪ್ಪು ಹೇಳುತ್ತದಲ್ಲ."

"ಎಲ್ಲರೂ ಒಂದೇ ಥರ ತಪ್ಪು ಹೇಳಿದ್ರೆ ಅದು ಕ್ಲೀನ್ ಡೇಟಾ ಸರ್." ಅವನು ಇದನ್ನು ವ್ಯಂಗ್ಯವಾಗಿ ಹೇಳಲಿಲ್ಲ. ನನಗೆ ವಿಷಯ ಅರ್ಥವಾಗಲಿ ಎಂಬ ಕಾಳಜಿ ಅವನ ಮುಖದಲ್ಲಿತ್ತು. ನನ್ನ ತೀರ್ಪು ರದ್ದುಮಾಡಿದ. ರೇಣುಕಾಳಿಗೆ ಮೂರನೇ ಕೆಂಪು. ಇನ್ನು ಮುಂದೆ ಆ ಮುಖದ ಫೋಟೊ ನನ್ನಲ್ಲಿಗೆ ಬರುವುದಿಲ್ಲ, ತಾನೇ ನೋಡುತ್ತೇನೆ ಎಂದ. ಇನ್ನೂ ಮೂರು ಫೋಟೊ ಬಾಕಿ ಇದ್ದವು.

ಮೂರನೆಯದು ಎಡಮಗ್ಗುಲಿನದು. ರೇಣುಕಾ ಹೆಣ್ಣು ಎಂದು ಒತ್ತಿದಳು. ನಾಲ್ಕನೇ ಕೆಂಪು.

ಆ ಭಾನುವಾರ ನಾನು ಹುಲಿಗೆವ್ವ ನಾಟಿಗೆ ಹೋಗಿದ್ದ ಬುಕ್ಕಸಾಗರಕ್ಕೆ ಹೋದೆ. ಫೋಟೊ ತೆಗೆಸಿಕೊಂಡವರು ತಾವೇ ಬರೆದುಕೊಡುವ ಒಂದು ಫಾರಂ ಇರುತ್ತದೆ, ಅದರಲ್ಲಿ ಹೆಣ್ಣು ಎಂದು ಗುರುತು ಮಾಡಿಸಿ ಹೆಬ್ಬೆಟ್ಟು ಹಾಕಿಸಿ ತಂದರೆ ಮೇಲಿನವರು ಒಪ್ಪಬಹುದು ಎಂದು ನನ್ನ ಲೆಕ್ಕ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಗದ್ದೆಯ ಬದುವಿನ ಮೇಲೆ ನಿಂತೆ. ಕೆಸರಿನಲ್ಲಿ ಸಾಲಾಗಿ ಬಾಗಿದ ಹದಿನೈದು ಬೆನ್ನು, ಹದಿನೈದು ಅಂಗಿ, ಹದಿನೈದು ಟವೆಲ್ಲು.

"ಹುಲಿಗೆವ್ವ ಅಂದ್ರ ಯಾರ್ರಿ?"

ಬೆನ್ನುಗಳು ಎದ್ದವು. "ಯಾಕ್ರಿ, ಸಾಲದೋನೇನು?" ಎಂದಳು ಮುಂದಾಳು.

"ಅಲ್ಲವ್ವಾ. ಆಕಿ ಮಗಳ ಆಫೀಸಿನಾಗ ಕೆಲಸ ಮಾಡ್ತೀನಿ." ವಿಷಯ ಹೇಳಿದೆ. ನೀವೆಲ್ಲ ಫೋಟೊ ತೆಗೆಸಿಕೊಂಡಿರಲ್ಲ, ಅವನ್ನು ಯಂತ್ರಕ್ಕೆ ತೋರಿಸಿ ಗಂಡೋ ಹೆಣ್ಣೋ ಅಂತ ಕಲಿಸುತ್ತಾರೆ, ಹುಲಿಗೆವ್ವನನ್ನು ಗಂಡು ಅನ್ನುತ್ತಿದ್ದಾರೆ ಎಂದೆ.

ಗದ್ದೆ ತುಂಬ ನಗು. ಒಬ್ಬಳು ನಕ್ಕು ನಕ್ಕು ಸಸಿಯ ಕಟ್ಟಿನ ಮೇಲೆ ಕೂತಳು.

"ಲೇ ಹುಲಿಗಿ, ಇನ್ನ ಮ್ಯಾಲ ನಿನ್ನ ಮಾವ ಅಂತ ಕರೀತೀನಿ!"

"ಸರ್ರ, ಹಂಗಾರ ಆ ಮಶೀನಿಗೆ ಹೇಳ್ರಿ, ಗಂಡಾಳಿನ ಕೂಲಿ ಕೊಡ್ಸು ಅಂತ. ನಾವೆಲ್ಲ ಗಂಡಸ್ರ ಆಗ್ತೀವಿ."

"ಅದನ್ನ ಬಸ್‌ಸ್ಟ್ಯಾಂಡಿನ ಪಾಯಖಾನಿ ಬಾಗ್ಲಾಗ ಇಟ್ರ ಹೆಂಗ ಮಾಡ್ತೀಯೇ? ಹೊಟ್ಟಿ ಹಿಡಕೊಂಡು ಓಡಿದ್ರ, ಆ ಕಡಿ ಹೋಗಪಾ ಅಂತೈತಿ!"

ಹುಲಿಗೆವ್ವ ನಗುತ್ತಲೇ ಬದುವಿಗೆ ಬಂದಳು. ಕೈ ಕೆಸರನ್ನು ಕಾಲುವೆಯಲ್ಲಿ ತೊಳೆದಳು. ಟವೆಲ್ಲು ಬಿಚ್ಚಿದಳು. ತಲೆಯ ಮೇಲೆ ಗಿಡ್ಡನೆಯ ಕಪ್ಪು ಬಿಳಿ ಚಿಗುರು.

"ಕುಂದ್ರಿ ಸರ್ರ. ಇಷ್ಟು ಓದಿದೋರು ಮಂದಿ ಎಸಿಯಾಗ ಕುಂತು ನಾ ಹೆಂಗ್ಸೋ ಗಂಡ್ಸೋ ಅಂತ ನೋಡಾಕ ಹತ್ತೀರೇನು? ಹೊಟ್ಟಿಗೆ ಏನ್ ತಿಂತೀರಿ ನೀವು?"

ಫಾರಂ ತೆಗೆದೆ. ಅವಳಿಗೆ ಓದಲು ಬಾರದು. ನಾನು ಓದಿ ಹೇಳಿದೆ, ಹೆಬ್ಬೆಟ್ಟು ಒತ್ತಿದಳು. ಒತ್ತಿ, ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು, "ಈ ಅಂಗಿ ನಮ್ಮ ಯಜಮಾನಂದು. ಆತ ಹೋಗಿ ಆರು ವರ್ಷ ಆತು, ಅಂಗಿ ಇನ್ನೂ ಗಟ್ಟಿ ಐತಿ" ಎಂದಳು.

ಅಲ್ಲಿ ಕೂತಾಗ ಗೋಡೆಯ ಹಾಳೆ ನೆನಪಾಯಿತು. ಅವಳ ಕೂದಲು ಮಗಳ ಕೆಲಸಕ್ಕಾಗಿ ತಿಮ್ಮಪ್ಪನಿಗೆ ಹೋಗಿತ್ತು. ಹಣೆಯ ಕುಂಕುಮ, ಮೂಗಿನ ನತ್ತು, ಕತ್ತಿನ ತಾಳಿ ಗಂಡನ ಜೊತೆ ಹೋಗಿದ್ದವು. ಬಟ್ಟೆ ಆ ಗಂಡನದೇ. ನಾವು ಹೆಣ್ಣೆಂದು ಗುರುತಿಸಲು ಬಳಸುತ್ತಿದ್ದ ಆರರಲ್ಲಿ ನಾಲ್ಕನ್ನು ಊರು ಮತ್ತು ದೇವರು ಅವಳಿಂದ ಮೊದಲೇ ಬಿಡಿಸಿಕೊಂಡಿದ್ದರು. ಗಂಡ ಸತ್ತವಳು ಯಂತ್ರದ ಮುಂದೆ ಗಂಡಸು. ಇದನ್ನು ಸುದ್ದಿಯಾಗಿ ಬರೆದು ಕಳಿಸಲು ನನಗೆ ಪತ್ರಿಕೆ ಇರಲಿಲ್ಲ. ಇದ್ದಿದ್ದರೆ ಬರೆಯುತ್ತಿದ್ದೆನೇ ಎಂಬುದೂ ಖಾತ್ರಿಯಿಲ್ಲ.

ಉಳಿದವರು ಮತ್ತೆ ಬಾಗಿದ ಮೇಲೆ ಅವಳು ದನಿ ತಗ್ಗಿಸಿ ಕೇಳಿದಳು. "ನನ್ನ ಮಗಳು ಏನ್ ಒತ್ತ್ಯಾಳ್ರಿ?"

"ಪ್ರತಿ ಸಲ ಹೆಣ್ಣು ಅಂತ."

"ಉಳಿದೋರು ಬ್ಯಾರೆ ಅಂದ್ರೂ?"

"ಅಂದ್ರೂ."

ಅವಳು ಗದ್ದೆಯ ಕಡೆ ನೋಡಿದಳು. ಖುಷಿಯನ್ನು ಯಾರೂ ನೋಡಬಾರದೆಂದು ಮುಖ ತಿರುವಿದ ಹಾಗಿತ್ತು. "ಸಣ್ಣಾಕಿದ್ದಾಗಿಂದ ಹಂಗ ಅದಾಳ. ಭಾಳ ಹಟ. ಒತ್ಲಿ ಬಿಡ್ರಿ."

ಹಾಗೆ ಒತ್ತಿದ್ದಕ್ಕೆ ಮಗಳಿಗೆ ಮೂರು ಕೆಂಪು ಬಿದ್ದಿವೆ, ಮೊದಲಿನದೂ ಸೇರಿ ನಾಲ್ಕಾಗಿವೆ, ಇನ್ನೆರಡು ಬಿದ್ದರೆ ಕೆಲಸ ಹೋಗುತ್ತದೆ ಎಂದು ನಾನು ಹೇಳಲಿಲ್ಲ. ಹೇಳಬೇಕೆಂದೇ ಹೋಗಿದ್ದೆ. ಹೇಳಿದ್ದರೆ ಅವಳೇ, ಗಂಡು ಅಂತ ಒತ್ತವ್ವಾ ಎಂದು ಮಗಳಿಗೆ ಹೇಳಿ ಕಳಿಸುತ್ತಿದ್ದಳೇನೋ. ಆ ಮಾತು ನನ್ನ ಮೂಲಕ ಹೋಗುವುದು ನನಗೆ ಬೇಡವಾಗಿತ್ತು.

ಫಾರಮ್ಮಿಗೆ ಉತ್ತರ ಬರಲು ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ನಾಲ್ಕನೇ ಫೋಟೊ ಬಂದು ಹೋಯಿತು. ಐದನೇ ಕೆಂಪು. ಉತ್ತರ ಒಂದೇ ಸಾಲು. ಚಿತ್ರದ ಹೊರಗಿನ ಮಾಹಿತಿಯನ್ನು ಪರಿಗಣಿಸಲಾಗದು. ಹುಲಿಗೆವ್ವನ ಹೆಬ್ಬೆಟ್ಟು ಚಿತ್ರದ ಹೊರಗಿನ ಮಾಹಿತಿ.

ಇದನ್ನು ರೇಣುಕಾಳಿಗೆ ಹೇಳುವ ಕೆಲಸ ಮೇಲ್ವಿಚಾರಕನದು, ಅಂದರೆ ನನ್ನದು. ಮೆಟ್ಟಿಲ ಬಳಿ ನಿಲ್ಲಿಸಿ ಹೇಳಿದೆ. ಇನ್ನೊಂದು ಕೆಂಪು ಬಿದ್ದರೆ ಮುಗಿಯಿತು, ಐದನೇ ಫೋಟೊ ಯಾವ ದಿನವಾದರೂ ಬರಬಹುದು ಎಂದೆ. ಹೊರಗೆ ಮಳೆ ಹಿಡಿದಿತ್ತು. ಅವಳು ಕೆಂಪು ರಾಡಿಯ ಹೆಜ್ಜೆಗಳನ್ನು ನೋಡುತ್ತ ನಿಂತಳು.

"ನೀವಾಗಿದ್ರ ಏನ್ ಒತ್ತತಿದ್ರಿ ಸರ್ರ?"

"ಅದು... ನೀನೇ ಯೋಚನೆ ಮಾಡವ್ವಾ."

ಅಷ್ಟು ವರ್ಷ ಅಧಿಕಾರಿಗಳ ಬಾಯಿಂದ ಇಂಥ ಉತ್ತರ ಬಂದಾಗ, "ಪ್ರತಿಕ್ರಿಯೆ ನೀಡಲು ನಿರಾಕರಿಸಿದರು" ಎಂದು ಬರೆದಿದ್ದೇನೆ. ಮನೆಗೆ ಹೋಗಿ ಅಂದು ಊಟ ಸೇರಲಿಲ್ಲ. ಅದನ್ನು ಪಶ್ಚಾತ್ತಾಪ ಎಂದು ಕರೆಯುವುದಿಲ್ಲ. ಮಾರನೆಯ ದಿನ ಸರಿಯಾದ ಹೊತ್ತಿಗೆ ಕೆಲಸಕ್ಕೆ ಹೋಗಿದ್ದೆ.

ಐದನೆಯದು ಸೆಪ್ಟೆಂಬರ್‌ನಲ್ಲಿ ಬಂತು, ಗಣಪತಿ ಕಳಿಸಿದ ಮಾರನೆಯ ದಿನ. ನಿತಿನ್ ರೇಣುಕಾಳ ಕುರ್ಚಿಯ ಹಿಂದೆ ನಿಂತಿದ್ದ. ಬೆದರಿಸಲು ನಿಂತಿದ್ದನೆಂದು ಹೇಳಲಾರೆ. ಕೆಲಸದವಳೊಬ್ಬಳು ಉಳಿಯಲಿ ಎಂದೇ ಅವನಿಗೂ ಇದ್ದಿರಬೇಕು. ಪರದೆಯಲ್ಲಿ ಹುಲಿಗೆವ್ವ ನಗುತ್ತಿದ್ದಳು. ಫೋಟೊ ಮುಗಿಯಿತು, ಡಬ್ಬಿ ತಗೊಳ್ಳಿ ಎಂದಾಗ ಬಂದ ನಗು ಇರಬೇಕು. ಮುಂದಿನ ಎರಡು ಹಲ್ಲಿನ ನಡುವೆ ಸಂದು.

ರೇಣುಕಾ ಎರಡು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಂಡಳು. ಸಲ್ಮಾ ತನ್ನ ಪರದೆ ಬಿಟ್ಟು ಇತ್ತ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ.

ಗಂಡು ಎಂದು ಒತ್ತಿದಳು.

ದೂರದ ಇಬ್ಬರೂ ಅದನ್ನೇ ಒತ್ತಿದ್ದರು. ಮೂವರೂ ಒಂದಾದರು. ಹಸಿರು ಬಿತ್ತು. "ಗುಡ್" ಎಂದು ನಿತಿನ್ ಮುಂದಿನ ಸಾಲಿಗೆ ಹೋದ. ರೇಣುಕಾ ಮುಂದಿನ ಮುಖಕ್ಕೆ ಹೋದಳು, ಅದರ ಮುಂದಿನದಕ್ಕೆ, ಅದರ ಮುಂದಿನದಕ್ಕೆ. ಸಂಜೆಯವರೆಗೆ ಏಳಲಿಲ್ಲ. ತಿಂಗಳ ಕೊನೆಗೆ ಆ ಕಂತಿನ ಎಲ್ಲ ಫೋಟೊಗಳಿಗೆ "ಪರಿಶೀಲಿಸಿದೆ" ಎಂದು ನಾನು ಸಹಿ ಹಾಕಿದೆ. ಅಡಿಯಲ್ಲಿ ಹೆಸರು ಬರೆಯಬೇಕಿತ್ತು. ಸುದ್ದಿಗೆ ನನ್ನ ಹೆಸರು ಹಾಕಿಸಿಕೊಳ್ಳಲು ಆ ಕಾಲದಲ್ಲಿ ಎಷ್ಟು ಜಗಳವಾಡಿದ್ದೆ. ಇಲ್ಲಿ ಕೇಳದೆಯೇ ಜಾಗ ಬಿಟ್ಟಿದ್ದರು.

ಆಯುಧಪೂಜೆಗೆ ನಿತಿನ್ ಎಲ್ಲರ ಮನೆಯವರನ್ನೂ ಕರೆದಿದ್ದ. ಪರೀಕ್ಷೆಯ ಅವಧಿ ಮುಗಿದು ಹನ್ನೊಂದು ಜನ ಕಾಯಂ ಆಗಿದ್ದರು, ರೇಣುಕಾಳೂ. ಕಂಪ್ಯೂಟರುಗಳಿಗೆ ವಿಭೂತಿ ಬಳಿದು ಚೆಂಡುಹೂವು ಏರಿಸಿದ್ದರು. ಬಾಗಿಲಲ್ಲಿ ಹೊಸದೊಂದು ಪರದೆ ನಿಲ್ಲಿಸಿತ್ತು, ಆಳೆತ್ತರದ್ದು, ಮೇಲೊಂದು ಕ್ಯಾಮೆರಾ. "ನೀವೇ ಕಲಿಸಿದ ಯಂತ್ರ ಇದು. ಮೇಲಿನವರು ನಮ್ಮ ಆಫೀಸಿಗೆ ಅಂತಲೇ ಒಂದು ಕಳಿಸಿದ್ದಾರೆ" ಎಂದು ನಿತಿನ್ ಹೇಳಿ, ಅದಕ್ಕೆ ತಾನೇ ಕುಂಕುಮ ಇಟ್ಟ.

ಬಂದವರು ಒಬ್ಬೊಬ್ಬರಾಗಿ ಎದುರು ನಿಂತರು. ಮುಖದ ಸುತ್ತ ಒಂದು ಚೌಕ ಮೂಡುತ್ತಿತ್ತು. ಕೆಳಗೆ ಕನ್ನಡದಲ್ಲಿ ದೊಡ್ಡದಾಗಿ ಪುರುಷ ಅಥವಾ ಮಹಿಳೆ. ಸಲ್ಮಾಳ ಅಣ್ಣ ನಿಂತ, ಪುರುಷ. ಚಪ್ಪಾಳೆ. ಸಲ್ಮಾಳ ಅತ್ತಿಗೆ ನಿಂತಳು, ಮಹಿಳೆ. ಚಪ್ಪಾಳೆ. ಹೆಣ್ಣುಮಕ್ಕಳು ಹಿಂದೆ ಒಂದು ತಟ್ಟೆ ಹಿಡಿದು ಬಂದ ಹೆಂಗಸರಿಗೆಲ್ಲ ಕುಂಕುಮ ಕೊಡುತ್ತಿದ್ದರು. ಹುಲಿಗೆವ್ವ ಬಂದಾಗ ತಟ್ಟೆ ಪಕ್ಕಕ್ಕೆ ಸರಿಯಿತು. ಅದು ಅವಳಿಗೂ ಗೊತ್ತಿದ್ದ ಪದ್ಧತಿ, ಅವಳು ಆ ಕಡೆ ನೋಡಲೂ ಇಲ್ಲ. ತೊಳೆದ ತೆಳು ನೀಲಿ ಸೀರೆ ಉಟ್ಟಿದ್ದಳು. ಎರಡು ಬೆರಳು ಬೆಳೆದ ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದಳು. ಮಗಳ ಕುರ್ಚಿಯನ್ನು ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಬಾಗಿಲ ಬಳಿ ನಿಂತಳು.

"ಬನ್ನಿ ಅಮ್ಮಾ, ನೀವೂ ನಿಲ್ಲಿ" ಎಂದ ನಿತಿನ್. ಹಾಳೆ ನೋಡಲಿಲ್ಲ, ಎರಡು ಸೆಕೆಂಡೂ ತೆಗೆದುಕೊಳ್ಳಲಿಲ್ಲ. ಅಮ್ಮಾ ಎಂದ.

"ನನಗ್ಯಾಕಪಾ ಬಿಡು."

"ಬರ್ರಿ ಅತ್ತೀ" ಎಂದು ಯಾರೋ ಕೈಹಿಡಿದು ನಿಲ್ಲಿಸಿದರು. ನಾನು ತಡೆಯಬಹುದಿತ್ತು. ಬಾಗಿಲಿಗೂ ನನಗೂ ನಾಲ್ಕು ಹೆಜ್ಜೆ.

ಚೌಕ ಮೂಡಿತು. ಯಂತ್ರ ತಡವರಿಸಲಿಲ್ಲ. ಪುರುಷ.

ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ಸಲ್ಮಾ ಗೋಡೆಯ ಕಡೆ ತಿರುಗಿದಳು. ನಿತಿನ್ ಪರದೆಯ ಹಿಂದಿನ ತಂತಿಯನ್ನು ನೋಡತೊಡಗಿದ. ಹುಲಿಗೆವ್ವ ಪರದೆಯಲ್ಲಿದ್ದ ತನ್ನ ಮುಖವನ್ನೇ ನೋಡುತ್ತ, ಎರಡು ಹಲ್ಲಿನ ಸಂದು ಕಾಣುವಂತೆ ನಗುತ್ತ ನಿಂತಿದ್ದಳು.

"ಏನ್ ಬರದೈತಿ ರೇಣಿ ಅದರಾಗ?"

ರೇಣುಕಾ ಅವ್ವನ ಪಕ್ಕಕ್ಕೆ ಬಂದು ನಿಂತಳು. "ಹೆಣ್ಣು ಅಂತ ಬರದೈತಿ, ಅವ್ವ."

ಹುಲಿಗೆವ್ವ ನನ್ನ ಕಡೆ ತಿರುಗಿದಳು. "ಹೌದೇನ್ರಿ ಸರ್ರ? ನೀವು ಪೇಪರಿನೋರು, ಸರಿಯಾಗಿ ಓದ್ರಿ."

ರೇಣುಕಾ ನನ್ನನ್ನು ನೋಡಲಿಲ್ಲ. ಪರದೆಯ ಮೇಲಿನ ಮೂರು ಅಕ್ಷರಗಳನ್ನು ನಾನು ಇನ್ನೊಮ್ಮೆ ಓದಿಕೊಂಡೆ.

"ಹೌದ್ರಿ ಅಕ್ಕಾ. ಹೆಣ್ಣು ಅಂತನ ಐತಿ."

"ಮತ್ತ!" ಎಂದು ಹುಲಿಗೆವ್ವ ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದಳು. "ಕಲಿಸಿದಾಕಿ ನನ್ನ ಮಗಳಲ್ಲೇನು?"